ಸೆಟ್ಟಿಂಗ್‌ಗೆ ಒಂದು ಗಂಟೆ, ಕಟಿಂಗ್‌ಗೆ ಹತ್ತು ನಿಮಿಷ

ಮನೆಗೆ ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ಕಾಫಿ ಲೋಟ ಹಿಡಿದುಕೊಂಡು ಹಿಂದಿನ ರೂಮಿನ ಬಾಗಿಲಲ್ಲಿ ನಿಲ್ಲುತ್ತಾರೆ. ಮೂಲೆಯ ಪ್ಲೈವುಡ್ ಪೆಟ್ಟಿಗೆಯೊಳಗಿರುವ ಸಿಎನ್‌ಸಿ ಮಷೀನನ್ನು, ಅಂದರೆ ಕಂಪ್ಯೂಟರ್ ಹೇಳಿದಂತೆ ಮರ, ಲೋಹ ಕೊರೆಯುವ ಪುಟ್ಟ ಮಷೀನನ್ನು, ಇಣುಕಿ ನೋಡುತ್ತಾರೆ. "ಚೆನ್ನಾಗಿದೆ" ಅನ್ನುತ್ತಾರೆ. ಆಮೇಲೆ, "ಇದ್ರಲ್ಲಿ ಏನ್ ಮಾಡ್ತೀರಿ?" ಹೆಸರಿನ ಫಲಕ, ಸರ್ಕ್ಯೂಟ್ ಬೋರ್ಡು, ಸಣ್ಣಪುಟ್ಟ ಬ್ರ್ಯಾಕೆಟ್ಟು ಅಂತ ನಾನು ಏನೋ ಹೇಳುತ್ತೇನೆ. ಜಾಸ್ತಿ ಜನ ತಲೆಯಾಡಿಸಿ ಸುಮ್ಮನಾಗುತ್ತಾರೆ. ನಮ್ಮ ಭಾವ ಮಾತ್ರ ಸುಮ್ಮನಾಗಲಿಲ್ಲ. "ಅಲ್ಲಯ್ಯ, ಪೀಣ್ಯಕ್ಕೆ ಹೋದ್ರೆ ಇನ್ನೂರು ರೂಪಾಯಿಗೆ ಮಾಡ್ಕೊಡ್ತಾರಲ್ಲ, ಇದ್ಯಾಕೆ?" ಅಂದರು. ಮಾತು ಪೂರ್ತಿ ಸುಳ್ಳಲ್ಲ. ಅದಕ್ಕೇ ಅದು ತಲೆಯಲ್ಲಿ ಕೊರೆಯುತ್ತಾ ಉಳಿಯಿತು.

ನಾವಿರುವುದು ಬೆಂಗಳೂರಿನ ದಾಸರಹಳ್ಳಿಯಲ್ಲಿ. ಒಂದು ಕಡೆ ಜಾಲಹಳ್ಳಿ, ಇನ್ನೊಂದು ಕಡೆ ಕಾರ್ಖಾನೆಗಳ ಪೀಣ್ಯ. ಅಂಕಿಗಳ ಲೆಕ್ಕದಲ್ಲಿ ತಾನೇ ಓಡುವ ಮಿಲ್ಲಿಂಗ್ (ತಿರುಗುವ ಟೂಲಿನಿಂದ ಲೋಹ ಕೊರೆಯುವ) ಮಷೀನನ್ನು ಅಮೆರಿಕದ ಎಂಐಟಿಯಲ್ಲಿ ಮೊದಲು ಓಡಿಸಿ ತೋರಿಸಿದ್ದು 1952ರಲ್ಲಿ. ಅದರ ಮರುವರ್ಷ ಇಲ್ಲಿ ಮಷೀನುಗಳನ್ನು ತಯಾರಿಸುವ ಎಚ್‌ಎಂಟಿ ಹುಟ್ಟಿತು. ಎರಡಕ್ಕೂ ಸಂಬಂಧವೇನೂ ಇಲ್ಲ. ಈ ಏರಿಯಾಗೂ ಮಷೀನುಗಳಿಗೂ ಇರುವ ನಂಟು ಎಷ್ಟು ಹಳೆಯದು ಅಂತ ಹೇಳಿದೆ, ಅಷ್ಟೇ. ತುಮಕೂರು ರಸ್ತೆಯಲ್ಲಿ ಮಷೀನುಗಳ ಸಂಶೋಧನೆ ಮಾಡುವ ಸಿಎಂಟಿಐ ಇದೆ. ಪೀಣ್ಯದಲ್ಲಿ ಸಿಎನ್‌ಸಿ ಮಷೀನ್ ಮಾಡುವ ಏಸ್ ಡಿಸೈನರ್ಸ್ ಇದೆ. ಮಾದಾವರದ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಐಎಂಟೆಕ್ಸ್ ಅನ್ನುವ ಮಷೀನ್ ಮೇಳ ನಡೆದಾಗ ದೇಶದ ಮಷೀನುಗಳೆಲ್ಲ ಇಲ್ಲಿಗೆ ಬಂದು ನಿಲ್ಲುತ್ತವೆ. ಅಡ್ಡರಸ್ತೆಗಳಲ್ಲಿ ಷಟರ್ ಎತ್ತಿದ ಶೆಡ್ಡುಗಳಲ್ಲಿ ಟನ್‌ಗಟ್ಟಲೆ ತೂಕದ ವಿಎಂಸಿಗಳು, ಅಂದರೆ ದೊಡ್ಡ ಸಿಎನ್‌ಸಿ ಮಿಲ್ಲಿಂಗ್ ಮಷೀನುಗಳು, ಹಗಲು ರಾತ್ರಿ ಓಡುತ್ತವೆ. ಇಂಥ ಜಾಗದಲ್ಲಿ ಕೂತು ನಾನು ಒಂದೇ ಕೈಯಲ್ಲಿ ಎತ್ತಬಹುದಾದ ಮಷೀನ್ ಕೊಂಡಿದ್ದೇನೆ.

ಶೆಡ್ಡಿನಲ್ಲಿ ಕೇಳಿದ ಮೂರು ಪ್ರಶ್ನೆ

ಕೊಳ್ಳುವ ಮುಂಚೆ ನಾನೂ ಭಾವ ಹೇಳಿದ ದಾರಿಯಲ್ಲೇ ಹೋಗಿದ್ದೆ. ಒಂದು ಸರ್ಕ್ಯೂಟ್ ಬೋರ್ಡಿಗೆ ಅಲ್ಯೂಮಿನಿಯಂ ಪೆಟ್ಟಿಗೆ ಬೇಕಿತ್ತು. ಅಂಗೈಯಗಲದ್ದು. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿ, ಪ್ರಿಂಟ್ ತೆಗೆದು, ಪರಿಚಯದವರೊಬ್ಬರು ತೋರಿಸಿದ ಜಾಬ್ ವರ್ಕ್ ಶೆಡ್ಡಿಗೆ ತಗೊಂಡು ಹೋದೆ. ಓನರ್ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, ಪೇಪರನ್ನು ಮಷೀನಿನ ಬಾಗಿಲಿಗೆ ಒತ್ತಿ ಹಿಡಿದುಕೊಂಡು ನೋಡಿದರು. ಮೆಟೀರಿಯಲ್ ಯಾವುದು ಅಂತ ಕೇಳಿದರು. ಎಷ್ಟು ಪೀಸು ಅಂದರು. ಒಂದೇ ಅಂದೆ. ಆಮೇಲೆ ಕೇಳಿದ್ದೇ ಕಷ್ಟದ ಪ್ರಶ್ನೆ. "ಇದ್ರಲ್ಲಿ ಯಾವ ಅಳತೆ ಮುಖ್ಯ ಸರ್?"

ಎಲ್ಲವೂ ಮುಖ್ಯವೇ ಅಂದೆ. ಬರೆದಿದ್ದೇನಲ್ಲ. ಅವರು ನಗಲಿಲ್ಲ. "ಎಲ್ಲಾ ಮುಖ್ಯ ಅಂದ್ರೆ ಎಲ್ಲದಕ್ಕೂ ದುಡ್ಡು ಕೊಡ್ಬೇಕಾಗುತ್ತೆ" ಅಂದರು. ಪೆನ್ಸಿಲ್ಲಿನ ತುದಿ ಪೆಟ್ಟಿಗೆಯ ಒಳಮೂಲೆಗೆ ಹೋಯಿತು. "ಟೂಲು ದುಂಡಗೆ ಇರುತ್ತೆ. ಒಳಗಡೆ ಮೂಲೆ ಹಿಂಗೆ ಚೌಕ ಎಲ್ಲಿಂದ ಬರುತ್ತೆ? ಇದೇ ಬೇಕು ಅಂದ್ರೆ ಕರೆಂಟ್ ಕಿಡಿಯಲ್ಲಿ ಕೊರೆಯೋ ಇಡಿಎಂಗೆ ಹೋಗ್ಬೇಕು, ಅದ್ರ ರೇಟೇ ಬೇರೆ. 3 ಎಂಎಂ ರೇಡಿಯಸ್ ಕೊಡಿ, 5 ಎಂಎಂ ಟೂಲಲ್ಲಿ ಸಲೀಸಾಗಿ ಬರುತ್ತೆ." 5 ಎಂಎಂ ಟೂಲಿನ ರೇಡಿಯಸ್ ಎರಡೂವರೆ ತಾನೇ, ಮತ್ತೆ 3 ಯಾಕೆ ಅಂತ ಕೇಳಿದೆ. ಮೂಲೆಯ ಅಳತೆ ಟೂಲಿನ ಅಳತೆಯಷ್ಟೇ ಇದ್ದರೆ ಟೂಲು ಮೂಲೆಗೆ ಹೋಗಿ ಗಕ್ಕನೆ ನಿಂತು ತಿರುಗಬೇಕು. ಆಗ ಅದು ಅದುರುತ್ತದೆ, ಗುರುತು ಬೀಳುತ್ತದೆ. ಸ್ವಲ್ಪ ಜಾಗ ಬಿಟ್ಟರೆ ಬಳಸಿಕೊಂಡು ಹೋಗುತ್ತದೆ. ಈ ಮಾತನ್ನು ಅವರು ಹೇಳಲೂ ಇಲ್ಲ, ಪೇಪರಿನ ಅಂಚಿನಲ್ಲಿ ಒಂದು ಗೆರೆ ಎಳೆದು ತೋರಿಸಿದರು.

ರೇಟು ಇನ್ನೂರು ಆಗಿರಲಿಲ್ಲ ಅನ್ನುವುದನ್ನು ಭಾವನವರ ಗಮನಕ್ಕೆ ತರುತ್ತಿದ್ದೇನೆ. ಯಾಕೆ ಇಷ್ಟು ಅಂತ ಕೇಳಿದ್ದಕ್ಕೆ ಬಂದ ಉತ್ತರವೇ ಈ ಬರಹದ ತಲೆಬರಹ. ಒಂದು ಪೀಸಾದರೂ ಸಾವಿರ ಪೀಸಾದರೂ ಪೀಸು ಹಿಡಿಯುವ ವೈಸ್ ಹಾಕಬೇಕು, ಡಯಲ್ ಗೇಜು ಹಿಡಿದು ನೇರ ಮಾಡಬೇಕು, ಟೂಲ್ ಕಟ್ಟಬೇಕು, ಅಳತೆ ಶುರುವಾಗುವ ಜೀರೋ ತಗೋಬೇಕು. ಸಾವಿರ ಪೀಸಿನವನಿಗೆ ಈ ಒಂದು ಗಂಟೆ ಲೆಕ್ಕಕ್ಕೇ ಬರುವುದಿಲ್ಲ. ಒಂದು ಪೀಸಿನವನು ಕೊಡುವ ದುಡ್ಡೆಲ್ಲ ಅದಕ್ಕೇ. ಲೋಹ ಕತ್ತರಿಸುವುದಕ್ಕೆ ನಾನು ಕೊಟ್ಟಿದ್ದು ಚಿಲ್ಲರೆ ಕಾಸು ಮಾತ್ರ.

ವಾಪಸ್ ಬರುವಾಗ ಇದೇ ಯೋಚನೆ. ದುಡ್ಡು ಸೆಟ್ಟಿಂಗ್‌ಗೆ ಹೋಗುತ್ತಿದೆ ಅಂದರೆ ವಿದ್ಯೆಯೂ ಅಲ್ಲೇ ಇರಬೇಕು, ಅಲ್ವಾ?

ಪೆಟ್ಟಿಗೆ ಬಂತು

ಕೊಂಡಿದ್ದು 3018 ಅಂತ ಕರೆಯುವ ಕಿಟ್ಟು. ಹೆಸರೇ ಅಳತೆ. ಉದ್ದ 300 ಮಿಲಿಮೀಟರ್, ಅಗಲ 180, ಎತ್ತರ ಸುಮಾರು 45. ನಾನು ಕೊಂಡಾಗ ಬೆಲೆ 20,000 ರೂಪಾಯಿಯ ಆಸುಪಾಸು ಇತ್ತು. ಅಲ್ಯೂಮಿನಿಯಂ ಪಟ್ಟಿಗಳು, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೂರು ಸ್ಟೆಪ್ಪರ್ ಮೋಟರ್, ಟೂಲ್ ತಿರುಗಿಸುವುದಕ್ಕೆ 775 ಅನ್ನುವ ಡಿಸಿ ಮೋಟರ್, ಒಂದು ಸಣ್ಣ ಬೋರ್ಡು. ಬೋರ್ಡಿನೊಳಗೆ ಓಡುವುದು ಜಿಆರ್‌ಬಿಎಲ್. ನಾರ್ವೆಯವರೊಬ್ಬರು 2009ರಲ್ಲಿ ಶುರು ಮಾಡಿದ ಉಚಿತ ತಂತ್ರಾಂಶ ಅದು. ಹವ್ಯಾಸಿಗಳು ಬಳಸುವ ಆರ್ಡುಯಿನೊ ಊನೊ ಬೋರ್ಡಿನಲ್ಲಿರುವ ಅದೇ ಚಿಪ್ಪು, 32 ಕೆಬಿ ಜಾಗ. ಅಷ್ಟರಲ್ಲೇ ಮೂರು ಮೋಟರುಗಳನ್ನು ಹೊಂದಿಸಿಕೊಂಡು ವೃತ್ತ ಸುತ್ತಿಸುತ್ತದೆ. ನಾವು ಆಫೀಸಿನಲ್ಲಿ ಒಂದು ಬಟನ್ ತೋರಿಸುವುದಕ್ಕೆ ಎಷ್ಟು ಎಂಬಿ ಸುರಿಯುತ್ತೇವೆ ಅನ್ನುವುದನ್ನು ಇಲ್ಲಿ ಬರೆಯುವುದು ಬೇಡ, ಸಹೋದ್ಯೋಗಿಗಳು ಓದುತ್ತಾರೆ.

ಸಾಫ್ಟ್‌ವೇರಿನವರಿಗೆ ಈ ಮಷೀನ್ ಮೊದಲು ಮೋಡಿ ಮಾಡುವುದು ಲೆಕ್ಕದಲ್ಲಿ. ಸ್ಟೆಪ್ಪರ್ ಒಂದು ಸುತ್ತಿಗೆ 200 ಹೆಜ್ಜೆ ಹಾಕುತ್ತದೆ. ಮೋಟರ್ ಓಡಿಸುವ ಡ್ರೈವರ್ ಪ್ರತಿ ಹೆಜ್ಜೆಯನ್ನು 16 ಪಾಲು ಮಾಡುತ್ತದೆ. ಸ್ಕ್ರೂ ಒಂದು ಸುತ್ತಿಗೆ 4 ಮಿಲಿಮೀಟರ್ ಮುಂದೆ ಹೋಗುತ್ತದೆ. ಅಂದರೆ ಒಂದು ಮಿಲಿಮೀಟರಿಗೆ 800 ಹೆಜ್ಜೆ, ಒಂದು ಹೆಜ್ಜೆಗೆ 1.25 ಮೈಕ್ರಾನ್. ತಲೆಕೂದಲಿನ ದಪ್ಪದಲ್ಲಿ ಇಂಥ ಹೆಜ್ಜೆ ಐವತ್ತರ ಮೇಲಾಗುತ್ತವೆ. ಇದನ್ನು ಓದಿದರೆ ಕೈಗೆ ದೇವರೇ ಸಿಕ್ಕಂತೆ ಅನಿಸುತ್ತದೆ. ಆದರೆ ಟೂಲ್ ತಿರುಗಿಸುವ ಸ್ಪಿಂಡಲ್ಲನ್ನು ಬೆರಳಿಂದ ಮೆಲ್ಲಗೆ ಒತ್ತಿ ನೋಡಿ. ಒಂದು ಹೆಜ್ಜೆಗಿಂತ ನೂರಾರು ಪಟ್ಟು ಅದು ಹಾಗೇ ಜರುಗುತ್ತದೆ. ನಟ್ಟಿನೊಳಗೆ ಸ್ಕ್ರೂ ಆಡುತ್ತದೆ. ಪಟ್ಟಿ ಬಾಗುತ್ತದೆ. ಮಷೀನ್ ಎಷ್ಟು ಸಣ್ಣ ಹೆಜ್ಜೆ ಇಡುತ್ತದೆ ಅನ್ನುವುದಕ್ಕೂ ಇಟ್ಟ ಹೆಜ್ಜೆ ಎಲ್ಲಿ ಬೀಳುತ್ತದೆ ಅನ್ನುವುದಕ್ಕೂ ಸಂಬಂಧ ಕಡಿಮೆ. ಮಾರುವವರು ಮೊದಲನೆಯದನ್ನೇ ದಪ್ಪ ಅಕ್ಷರದಲ್ಲಿ ಹಾಕುತ್ತಾರೆ.

ಶೆಡ್ಡಿನ ವಿಎಂಸಿ ಅಷ್ಟು ಭಾರ ಯಾಕಿದೆ ಅನ್ನುವುದು ಆಗ ಗೊತ್ತಾಯಿತು. ಆ ಬೀಡು ಕಬ್ಬಿಣದ ತೂಕವೇ ಅಲ್ಲಿ ಕೆಲಸ ಮಾಡುವುದು. ಟೂಲಿನ ಲೆಕ್ಕವೂ ಹಾಗೆಯೇ. ಕಚ್ಚಿ ಹಿಡಿಯುವ ಕಾಲೆಟ್ಟಿನಿಂದ ಟೂಲು ಎರಡು ಪಟ್ಟು ಉದ್ದ ಹೊರಗೆ ಚಾಚಿದ್ದರೆ ಅದೇ ಬಲಕ್ಕೆ ಎಂಟು ಪಟ್ಟು ಬಾಗುತ್ತದೆ. 6 ಎಂಎಂ ಬದಲು 3 ಎಂಎಂ ಟೂಲು ಹಾಕಿದರೆ ಹದಿನಾರು ಪಟ್ಟು. ಮನೆ ಮಷೀನಿನಲ್ಲಿ ಟೂಲನ್ನು ಆದಷ್ಟು ಗಿಡ್ಡ ಕಟ್ಟುವುದೇ ಅರ್ಧ ಕೆಲಸ.

ಇನ್ನೊಂದು ತಮಾಷೆ. ಇಂಥ ಮಷೀನಿಗೆ ಮೊದಲ ಗಿರಾಕಿ ಮಷೀನೇ. ಮೊದಲು ಅದರ ಹಾಸಿಗೆಗೆ, ಅಂದರೆ ಕೊರೆಯುವ ತುಂಡನ್ನು ಕೂರಿಸುವ ತಳಕ್ಕೆ, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ ಕೊರೆದೆ. ಆಮೇಲೆ ಜಾಬ್, ಅಂದರೆ ಆ ತುಂಡನ್ನು, ಒತ್ತಿ ಹಿಡಿಯುವ ಕ್ಲ್ಯಾಂಪುಗಳು. ಆಮೇಲೆ ಧೂಳು ಹೀರುವ ಪೈಪಿಗೆ ಮೂತಿ. ಸದ್ದಿಗೂ ಧೂಳಿಗೂ ಪ್ಲೈವುಡ್ ಪೆಟ್ಟಿಗೆ ಮಾಡಿಸಿದ್ದು ಮನೆಯವಳ ಆಜ್ಞೆ. ಒಣಗಲು ಹಾಕಿದ ಬಟ್ಟೆಯ ಮೇಲೆ ಎಂಡಿಎಫ್ ಪುಡಿ ಕೂತಮೇಲೆ ಆ ವಿಷಯದಲ್ಲಿ ಚರ್ಚೆಗೆ ಜಾಗ ಇರಲಿಲ್ಲ.

ಜಾಬ್ ಹಿಡಿಯುವುದು ಅಂದೆನಲ್ಲ, ಹೊಸಬರು ಇದನ್ನು ಕೊನೆಗೆ ಯೋಚಿಸುತ್ತಾರೆ. ಈಳಿಗೆ ಮಣೆಯಲ್ಲಿ ಕಾಯಿ ತುರಿಯುವಾಗ ಅಜ್ಜಿ ಮೊದಲು ಮಣೆಯ ಮೇಲೆ ಕೂತು, ಅದು ಅಲುಗದಂತೆ ಮಾಡಿಕೊಂಡು, ಆಮೇಲೆ ತಾನೇ ಕಾಯಿ ಕೈಗೆ ತಗೊಳ್ಳುತ್ತಿದ್ದದ್ದು? ಇಲ್ಲೂ ಅದೇ. ತೆಳು ಹಲಗೆಗೆ ಕ್ಲ್ಯಾಂಪ್ ಹಾಕಿದರೆ ನಡುವೆ ಉಬ್ಬುತ್ತದೆ. ಅದಕ್ಕೊಂದು ಉಪಾಯ ಇದೆ. ಹಾಸಿಗೆಗೂ ಹಲಗೆಯ ತಳಕ್ಕೂ ಪೇಂಟರುಗಳ ಮಾಸ್ಕಿಂಗ್ ಟೇಪ್ ಅಂಟಿಸಿ, ಎರಡು ಟೇಪಿನ ನಡುವೆ ನಾಲ್ಕು ಹನಿ ಫೆವಿಕ್ವಿಕ್ ಹಾಕಿ ಒತ್ತುವುದು. ಕೆಲಸ ಮುಗಿದ ಮೇಲೆ ಟೇಪ್ ಕಿತ್ತರೆ ಆಯಿತು, ಹಲಗೆಗೆ ಗಾಯವಿಲ್ಲ.

ಕರೆಂಟು ಹೋಗುವುದರ ಬಗ್ಗೆಯೂ ಒಂದು ಮಾತು. ನನ್ನ ಕಿಟ್ಟಿನಲ್ಲಿ ಅಂಚು ಮುಟ್ಟಿದ್ದನ್ನು ಮಷೀನಿಗೆ ತಿಳಿಸುವ ಲಿಮಿಟ್ ಸ್ವಿಚ್ ಇಲ್ಲ. ಕರೆಂಟು ಹೋದರೆ ತಾನು ಎಲ್ಲಿದ್ದೆ ಅನ್ನುವುದನ್ನೇ ಮಷೀನ್ ಮರೆಯುತ್ತದೆ. ಹಾಗಾಗಿ ಕೆಲಸ ಶುರು ಮಾಡುವ ಮುಂಚೆ ಹಾಸಿಗೆಯ ಮೂಲೆಯಲ್ಲಿ ಒಂದು ಸಣ್ಣ ತೂತು ಕೊರೆಸಿಕೊಳ್ಳುತ್ತೇನೆ. ಕರೆಂಟು ಬಂದಮೇಲೆ ಟೂಲನ್ನು ಆ ತೂತಿಗೆ ತಂದು ನಿಲ್ಲಿಸಿ ಜೀರೋ ಮಾಡಿದರೆ ಬಿಟ್ಟ ಕಡೆಯಿಂದ ಹೊರಡಬಹುದು. ಯುಪಿಎಸ್ ಇದ್ದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ.

"ಡಯಲ್ ಇದ್ಯಾ ಅಂಕಲ್?"

ಮೇಲಿನ ಮನೆಯ ಹುಡುಗಿ ರಾಜಾಜಿನಗರದ ಜಿಟಿಟಿಸಿ ಅನ್ನುವ ಸರ್ಕಾರಿ ಟೂಲ್‌ರೂಮ್ ತರಬೇತಿ ಕೇಂದ್ರದಲ್ಲಿ ಟೂಲ್ ಅಂಡ್ ಡೈ (ಟೂಲು, ಅಚ್ಚು ಮಾಡುವ) ಡಿಪ್ಲೊಮಾ ಓದುತ್ತಿದ್ದಾಳೆ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಶುರುವಾದ ಸಂಸ್ಥೆ ಅದು. ಅಲ್ಲಿ ಫೈಲ್ ಹಿಡಿದು ಕಬ್ಬಿಣ ಉಜ್ಜುವುದರಿಂದ ಪಾಠ ಶುರು. ಒಂದು ಸಂಜೆ ಏನೋ ಕೊಡಲು ಬಂದವಳು ಮಷೀನ್ ನೋಡಿದಳು. ಏನ್ ಮಾಡ್ತೀರಿ ಅಂತ ಕೇಳಲಿಲ್ಲ. ಅವತ್ತು ಮಟ್ಟ ಮಾಡಿಸಿದ್ದ ಎಂಡಿಎಫ್ ಹಲಗೆಯ ಮೇಲೆ ಉಗುರು ಎಳೆದಳು. ಕರ್ ಕರ್ ಅಂತು. ಒಂದೊಂದು ಗೆರೆಯ ಅಂಚಿನಲ್ಲೂ ಸಣ್ಣ ಮೆಟ್ಟಿಲು.

"ಹೆಡ್ ಔಟ್ ಇದೆ. ಡಯಲ್ ಇದ್ಯಾ ಅಂಕಲ್?"

ಇರಲಿಲ್ಲ. ಮಷೀನಿನ ಜೊತೆ ಬರುವುದಿಲ್ಲ. 0.01 ಮಿಲಿಮೀಟರ್ ಓದುವ ಡಯಲ್ ಗೇಜು ಕೊಂಡು ತಂದೆ. ಭಾನುವಾರ ಬಂದಳು. ಮೊದಲು ಪ್ಲಗ್ ಕಿತ್ತಿದ್ದೀರಾ ಅಂತ ನೋಡಿದಳು. ಹಳೆ ಕಡ್ಡಿಯೊಂದನ್ನು ಎಲ್ ಆಕಾರಕ್ಕೆ ಬಗ್ಗಿಸಿ, ಒಂದು ತುದಿ ಕಾಲೆಟ್ಟಿಗೆ ಕಟ್ಟಿ, ಇನ್ನೊಂದು ತುದಿಗೆ ಡಯಲ್ ಸಿಕ್ಕಿಸಿದಳು. ಡಯಲ್ಲಿನ ಮೂತಿ ಹಾಸಿಗೆಯ ಮೇಲಿಟ್ಟ ಗಾಜಿನ ತುಂಡನ್ನು ಮುಟ್ಟುತ್ತಿತ್ತು. ಎಂಡಿಎಫ್ ಮೇಲೆ ಬೇಡ, ಅದನ್ನು ನಂಬುವ ಹಾಗಿಲ್ಲ ಅಂದಳು. ಸ್ಪಿಂಡಲ್ಲನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿದಳು. ಎಡಕ್ಕೆ ಬಂದಾಗ ಮುಳ್ಳು ಒಂದು ಕಡೆ, ಬಲಕ್ಕೆ ಹೋದಾಗ ಮೂವತ್ತು ಗೆರೆ ಆಚೆ. 0.3 ಮಿಲಿಮೀಟರ್. ಮಷೀನಿನ ತಲೆ ಒಂದು ಕಡೆಗೆ ವಾಲಿಕೊಂಡಿತ್ತು. ಟೂಲು ಓರೆಯಾಗಿ ಇಳಿಯುತ್ತಿತ್ತು. ಮೆಟ್ಟಿಲು ಬಂದಿದ್ದು ಅದಕ್ಕೆ.

"ಶಿಮ್ ಹಾಕ್ಬೇಕು. ಕೂಲ್‌ಡ್ರಿಂಕ್ ಟಿನ್ ಇದ್ಯಾ?" ಶಿಮ್ ಅಂದರೆ ಸಂದಿಗೆ ತುರುಕುವ ತೆಳು ತಗಡು. ಟಿನ್ ಇತ್ತು. ಆ ಟಿನ್ನಿನ ಗೋಡೆ ಸುಮಾರು 0.1 ಮಿಲಿಮೀಟರ್ ದಪ್ಪ ಅಂತ ನನಗೆ ಗೊತ್ತಿರಲಿಲ್ಲ, ಟೂಲ್‌ರೂಮಿನವರಿಗೆಲ್ಲ ಗೊತ್ತು. ಕತ್ತರಿಯಲ್ಲಿ ಕಡ್ಡಿಯಷ್ಟು ಅಗಲದ ಪಟ್ಟಿ ಕತ್ತರಿಸಿ, ಅಂಚಿನ ಮುಳ್ಳುಮುಳ್ಳು ಬರ್ ಉಜ್ಜಿ ತೆಗೆದು, ಸ್ಪಿಂಡಲ್ ಹಿಡಿಯುವ ಬ್ರ್ಯಾಕೆಟ್ಟಿನ ಹಿಂದೆ ತುರುಕಿದಳು. ಬೋಲ್ಟುಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವಾಗಿ ಬಿಗಿದಳು. ಮತ್ತೆ ತಿರುಗಿಸಿದಳು. ಮುಳ್ಳು ಹನ್ನೆರಡು ಗೆರೆಗೆ ಇಳಿಯಿತು. ಇನ್ನೊಂದು ಪಟ್ಟಿ. ಆಮೇಲೆ ಮುಂದೆ-ಹಿಂದೆ ನೋಡಬೇಕಿತ್ತು, ಅದು ಬೇರೆಯದೇ ಕಥೆ. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಕೆಡುತ್ತಿತ್ತು. ಕೊನೆಗೆ ಸುತ್ತ ತಿರುಗಿಸಿದರೆ ಮುಳ್ಳು ಎರಡು ಗೆರೆಯೊಳಗೇ ಆಡತೊಡಗಿತು. "ಇದಕ್ಕಿಂತ ಬೇಡ, ಈ ಫ್ರೇಮ್‌ಗೆ ಇಷ್ಟೇ ಜಾಸ್ತಿ" ಅಂದಳು. ಅವಳು ಹೇಳಿದ ಎಲ್ಲದರಲ್ಲಿ ನನಗೆ ಹಿಡಿಸಿದ್ದು ಈ ಮಾತು. ಎಲ್ಲಿ ನಿಲ್ಲಿಸಬೇಕು ಅನ್ನುವುದು ಅವಳಿಗೆ ಗೊತ್ತಿತ್ತು. ನಾನಾಗಿದ್ದರೆ ರಾತ್ರಿಯೆಲ್ಲ ಟಿನ್ ಕತ್ತರಿಸುತ್ತಿದ್ದೆ.

ಅವತ್ತು ಸಂಜೆ ಮತ್ತೆ ಎಂಡಿಎಫ್ ಮಟ್ಟ ಮಾಡಿಸಿದೆ. ಉಗುರಿಗೆ ಏನೂ ತಾಗಲಿಲ್ಲ. ಇಷ್ಟರಲ್ಲಿ ಮಷೀನಿಗೆ ಎಲ್ಲಿಗೆ ಹೋಗು ಅಂತ ಹೇಳುವ ಜಿ-ಕೋಡಿನ ಒಂದು ಸಾಲೂ ಬದಲಾಗಿರಲಿಲ್ಲ.

ಅಲ್ಯೂಮಿನಿಯಂ ಕೂಡ ಆಮೇಲೆಯೇ ಒಲಿದದ್ದು. ಬಡಪಾಯಿ ಮಷೀನು, ಮೆಲ್ಲಗೆ ಓಡಿಸೋಣ ಅಂತ ಎಲ್ಲರಿಗೂ ಅನಿಸುತ್ತದೆ. ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ. ಸ್ಪಿಂಡಲ್ ನಿಮಿಷಕ್ಕೆ 10,000 ಸುತ್ತು, ಟೂಲಿಗೆ ಒಂದೇ ಹಲ್ಲು, ಫೀಡ್ (ಟೂಲು ಮುಂದೆ ಸಾಗುವ ವೇಗ) ನಿಮಿಷಕ್ಕೆ 300 ಮಿಲಿಮೀಟರ್ ಅಂದರೆ ಒಂದು ಹಲ್ಲಿಗೆ ಸಿಗುವ ಚೂರು 0.03 ಮಿಲಿಮೀಟರ್. ಫೀಡನ್ನು 50ಕ್ಕೆ ಇಳಿಸಿದರೆ ಚೂರು 0.005. ಅಷ್ಟು ತೆಳುವನ್ನು ಹಲ್ಲು ಕತ್ತರಿಸುವುದಿಲ್ಲ, ಉಜ್ಜುತ್ತದೆ. ಉಜ್ಜಿದರೆ ಬಿಸಿ. ಬಿಸಿಯಾದರೆ ಅಲ್ಯೂಮಿನಿಯಂ ಟೂಲಿಗೇ ಅಂಟಿಕೊಳ್ಳುತ್ತದೆ, ಆಮೇಲೆ ಟೂಲು ಮುರಿಯುತ್ತದೆ. ಕಡಿಮೆ ಮಾಡಬೇಕಾದದ್ದು ಆಳವನ್ನು, ಒಂದು ಪಾಸಿಗೆ 0.1 ಅಥವಾ 0.2. ಓಟ ಜೋರಾಗಿಯೇ ಇರಲಿ. ಶೆಡ್ಡಿನವರು ಅಲ್ಯೂಮಿನಿಯಂಗೆ ಸೀಮೆಎಣ್ಣೆ ಬಳಸುವುದನ್ನು ನೋಡಿದ್ದೇನೆ. ಮನೆಯಲ್ಲಿ ಬೇಡ. 775 ಬ್ರಷ್ ಇರುವ ಮೋಟರು, ಒಳಗೆ ಕಿಡಿ ಹಾರುತ್ತಲೇ ಇರುತ್ತದೆ. ಎರಡು ಹನಿ ಕಟಿಂಗ್ ಆಯಿಲ್ ಸಾಕು.

ಕನ್ನಡ ಕೊರೆಯುವುದು

ಈಗ ಏನ್ ಮಾಡ್ತೀರಿ ಅಂದರೆ ಹೇಳಿಕೊಳ್ಳುವಂಥದ್ದು ಹೆಸರಿನ ಫಲಕಗಳೇ. ಇಂಗ್ಲಿಷಿನಲ್ಲಿ ಕೊರೆಯುವವರಿಗೆ ಒಂದೇ ಗೆರೆಯ ಅಕ್ಷರಗಳು ಸಿದ್ಧ ಸಿಗುತ್ತವೆ. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಹರ್ಷಿ ಅನ್ನುವವರು 1967ರಲ್ಲಿ ಮಾಡಿಟ್ಟ ಫಾಂಟುಗಳು ಇವತ್ತಿಗೂ ನಡೆಯುತ್ತವೆ. ಅದರಲ್ಲಿ ಗ್ರೀಕ್ ಇದೆ, ರಷ್ಯನ್ ಇದೆ, ಜಪಾನೀಸ್ ಕೂಡ ಇದೆ. ಕನ್ನಡ ಇಲ್ಲ. ನಮ್ಮ ಮಾಮೂಲಿ ಫಾಂಟುಗಳು ಅಕ್ಷರದ ಹೊರರೇಖೆ ಕೊಡುತ್ತವೆ. ಹಾಗೇ ಕೊರೆದರೆ ಪ್ರತಿ ಅಕ್ಷರವೂ ಜೋಡಿ ಗೆರೆ. ಅದಕ್ಕೆ ವಿ-ಬಿಟ್, ಅಂದರೆ V ಆಕಾರದ ಚೂಪು ತುದಿಯ ಟೂಲು, ಬೇಕು. ಅಕ್ಷರ ಅಗಲ ಇದ್ದಲ್ಲಿ ಟೂಲು ಆಳಕ್ಕೆ ಇಳಿಯುತ್ತದೆ, ಸಣ್ಣಗಾದಲ್ಲಿ ಮೇಲೇಳುತ್ತದೆ. ಚಿತ್ರ ಬಿಡಿಸುವ ಇಂಕ್‌ಸ್ಕೇಪ್ ತಂತ್ರಾಂಶದಲ್ಲಿ ಬರೆದು, ಅಕ್ಷರವನ್ನು ಗೆರೆಗಳಾಗಿ (ಪಾತ್) ಮಾಡಿ, ಎಸ್‌ವಿಜಿ ಫೈಲಾಗಿ ಉಳಿಸಿಕೊಂಡರೆ ಮುಂದಿನದು ಸಲೀಸು. 'ಬಾಲೂ ತಮ್ಮ' ಅನ್ನುವಂಥ ದಪ್ಪ, ದುಂಡು ಫಾಂಟು ಮರಕ್ಕೆ ಒಪ್ಪುತ್ತದೆ. ದೇವನಾಗರಿ ಅಕ್ಷರಗಳ ಮೂಲೆಗಳಲ್ಲಿ ವೇಗ ಇಳಿಸಿ ತಿರುಗುವ ಮಷೀನು ಕನ್ನಡದ ದುಂಡಿನಲ್ಲಿ ನಿಲ್ಲದೆ ಓಡುತ್ತದೆ. ಕೇಳೋಕೂ ಚೆನ್ನ.

ಆದರೆ ಇಲ್ಲೂ ಅದೇ ಸೆಟ್ಟಿಂಗ್. 60 ಡಿಗ್ರಿ ವಿ-ಬಿಟ್ ಒಂದು ಮಿಲಿಮೀಟರ್ ಇಳಿದರೆ ಗೆರೆಯ ಅಗಲ 1.15. ಹಲಗೆ ಅರ್ಧ ಮಿಲಿಮೀಟರ್ ಸೊಟ್ಟಗಿದ್ದರೆ ಗೆರೆಯ ಅಗಲ ಅರ್ಧಕ್ಕಿಂತ ಜಾಸ್ತಿ ಹೆಚ್ಚುಕಮ್ಮಿಯಾಗುತ್ತದೆ. ಎಡಗಡೆ ಅಕ್ಷರ ಉಂಡು ಕೊಬ್ಬಿದ ಹಾಗೆ, ಬಲಗಡೆಯದು ಉಪವಾಸ ಬಿದ್ದ ಹಾಗೆ. ಕಣ್ಣಿಗೆ ಥಟ್ಟನೆ ಕಾಣುತ್ತದೆ. ಹಾಗಾಗಿ ಅಕ್ಷರಕ್ಕೆ ಹೋಗುವ ಮುಂಚೆ ಹಲಗೆಯ ಮೈಯನ್ನೇ ಒಂದು ಸುತ್ತು ಮಟ್ಟ ಮಾಡಿಸುವುದು. ಒತ್ತಕ್ಷರಗಳದ್ದು ಬೇರೆ ಕಷ್ಟ. ಒತ್ತಿನ ಸುಳಿಯೊಳಗೆ ಉಳಿಯುವ ಮರದ ಚೂರು ತೀರಾ ಸಣ್ಣದಾದರೆ ನಾರಿನ ಉದ್ದಕ್ಕೆ ಸೀಳಿ ಎದ್ದುಬಿಡುತ್ತದೆ. ಒಂದು ಅಕ್ಷರದ ಕೆಳಗೆ ಎರಡು ಒತ್ತು ಇದ್ದರಂತೂ ಹೇಳುವುದೇ ಬೇಡ.

ಈಗ ಕೈಯಲ್ಲಿರುವ ಕೆಲಸದಲ್ಲಿ ಎಲ್ಲವೂ ಇದೆ. ಮೇಲಿನ ಮನೆಯವರು ಕುಣಿಗಲ್ ಹತ್ತಿರದ ತಮ್ಮ ಊರಲ್ಲಿ ಮನೆ ಕಟ್ಟಿಸಿದ್ದಾರೆ. ತೇಗದ ಹಲಗೆ, ಅರ್ಧ ಮೀಟರ್ ಉದ್ದ. ಹೆಸರು ಲಕ್ಷ್ಮೀ ರಂಗನಾಥ, ಒಂದೇ ಸಾಲಿನಲ್ಲಿ ಬೇಕು. ನನ್ನ ಮಷೀನು 300ರ ಆಚೆ ಹೋಗುವುದಿಲ್ಲ. ಅರ್ಧ ಕೊರೆದು, ಹಲಗೆ ಸರಿಸಿ, ಮಿಕ್ಕಿದ್ದನ್ನು ಕೊರೆಯಬೇಕು. ಸರಿಸಿದಾಗ ಜಾಗ ತಪ್ಪದಿರಲು ಹಲಗೆಯ ಬೆನ್ನಿಗೆ ತೂತು ಕೊರೆದು ಹಾಸಿಗೆಯಲ್ಲಿ ನೆಟ್ಟ ಎರಡು ಪಿನ್ನುಗಳ ಮೇಲೆ ಕೂರಿಸುವ ಯೋಚನೆ ಅವರ ಮಗಳದ್ದು, ಅದೇ ಡಯಲ್ ಹುಡುಗಿಯದ್ದು. ಎಷ್ಟು ಮಾಡಿದರೂ 0.2 ಹೆಚ್ಚುಕಮ್ಮಿ ಬಂದೇ ಬರುತ್ತದೆ, ಅದು ಎರಡು ಪದದ ನಡುವಿನ ಖಾಲಿ ಜಾಗದಲ್ಲಿ ಬೀಳಲಿ ಅಂತ ಅವಳೇ ಹೇಳಿದಳು. ಸರಿ ಅಂತ ಫೈಲ್ ಮಾಡಿದೆ. ಮೊನ್ನೆ ಅವಳ ಅಮ್ಮ ಬಂದು, "ನಡುವೆ ಜಾಗ ಬಿಡ್ಬೇಡಿ ಅಣ್ಣ, ಲಕ್ಷ್ಮೀರಂಗನಾಥ ಅಂತ ಕೂಡಿಸೇ ಬರೀರಿ, ಆಮಂತ್ರಣ ಪತ್ರಿಕೆಯಲ್ಲೂ ಹಾಗೇ ಹಾಕ್ಸಿದೀವಿ" ಅಂದರು. ಮಗಳು ಲ್ಯಾಪ್‌ಟಾಪಿನ ಮುಂದೆ ಕೂತು ಅಳೆದಳು. ದೀರ್ಘದ ಬಾಲ ಮುಗಿದು ರ ಶುರುವಾಗುವ ನಡುವೆ 4 ಮಿಲಿಮೀಟರ್ ಸಿಗುತ್ತದಂತೆ. ಪಿನ್ನುಗಳ ಜಾಗವನ್ನು ಅದಕ್ಕೆ ತಕ್ಕಂತೆ ಬದಲಾಯಿಸಿ, ಭಾನುವಾರ ಮೊದಲು ಎಂಡಿಎಫ್ ಮೇಲೆ ಕೊರೆದು ನೋಡುತ್ತೇವೆ.